ತಾಯಿಯ ಗದ್ದೆ, ಮಗನ ಹೊಟೇಲು
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಸಭೆಯಲ್ಲಿ ಊರಿನ ಜಾಗದ ಮಾತು ಬಂದು, ಮಾತು ಬೆಳೆದು, ಸಭೆ ಅರ್ಧಕ್ಕೇ ಎದ್ದುಹೋದದ್ದು ನಿಮಗೆ ನೆನಪಿದೆ. ಪಾಲು ಮಾಡಿ ಮಾರಿ ಇಲ್ಲಿಯೇ ಒಂದು ಖೋಲಿ ಹಿಡಿಯುವುದು ಜಾಣತನವೆಂದು ಕೆಲವರು ಹೇಳಿದಿರಿ. ಅಕ್ಕ ತಂಗಿಯರು ಅಲ್ಲಿ ಗೇಯುತ್ತಿರುವಾಗ ಬೊಂಬಾಯಿಯಲ್ಲಿ ಕುಳಿತು ಮಾರುವುದಕ್ಕೆ ನೀವು ಯಾರೆಂದು ಇನ್ನು ಕೆಲವರು ಕೇಳಿದಿರಿ. ಎರಡು ಪಕ್ಷದಲ್ಲಿಯೂ ಬಿಸಿ ಇತ್ತು, ವಿಷಯ ಕಡಿಮೆ ಇತ್ತು. ಆದ್ದರಿಂದ ಆ ಚರ್ಚೆಯನ್ನು ಮತ್ತೆ ಎತ್ತಿಕೊಳ್ಳುವ ಮುಂಚೆ, ಇದೇ ತೊಡಕಿನಲ್ಲಿ ಬಹಳ ಕಾಲದಿಂದ ಬದುಕಿಕೊಂಡು ಬಂದ ಬೇರೆ ಒಂದು ಜನದ ಸಂಗತಿಯನ್ನು ಹೇಳಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಆ ಜನರ ದೇಶ ಇಂಡೋನೇಶಿಯ. ಅಲ್ಲಿಯ ಒಂದು ಬೇಸಾಯದ ಹಳ್ಳಿಯಲ್ಲಿ ಗದ್ದೆ ಯಾರದು, ಮನೆ ಯಾರದು, ಪರವೂರಿಗೆ ಹೋದ ಮಗನಿಗೆ ಏನು ಎಂಬುದೇ ಇಂದಿನ ವಿಷಯ. ಕೊನೆಗೆ ಹೊಟೇಲಿನ ಮಾತೂ ಬರುತ್ತದೆ. ತೂಕಡಿಸಬೇಡಿ.

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಪಾದಾಂಗ್ ಎಂಬ ಬಂದರು ಇದೆ. ಅಲ್ಲಿಂದ ಒಳಕ್ಕೆ ಘಟ್ಟ ಹತ್ತಿದರೆ ಬೆಂಕಿ ಉಗುಳುವ ಪರ್ವತಗಳ ಸೀಮೆ ಸಿಗುತ್ತದೆ. ಮರಾಪಿ ಎಂಬ ಪರ್ವತ 2023ರ ಡಿಸೆಂಬರಿನಲ್ಲಿಯೂ ಸಿಡಿದು ಹತ್ತಿದವರ ಪ್ರಾಣ ತೆಗೆಯಿತು. ಆದರೆ ಅದೇ ಬೂದಿಯಿಂದಲೇ ಅಲ್ಲಿಯ ಮಣ್ಣು ಕೊಬ್ಬಿದೆ. ಈ ಸೀಮೆಯ ಜನರಿಗೆ ಮಿನಾಂಗ್‌ಕಬಾವು ಎಂದು ಹೆಸರು. 2010ರ ಜನಗಣತಿಯಲ್ಲಿ ಇಂಡೋನೇಶಿಯದಲ್ಲಿ ಸುಮಾರು 64 ಲಕ್ಷ ಮಂದಿ ಇದ್ದರು, ಅವರಲ್ಲಿ ಮೂರರಲ್ಲೊಂದು ಪಾಲು ತಮ್ಮ ಪ್ರಾಂತದ ಹೊರಗೆ. ಆ ಒಂದು ಪಾಲು ಎಂದರೆ ನಮ್ಮ ಹಾಗೆ ಊರು ಬಿಟ್ಟವರು.

ಹೆಸರಿನ ಹಿಂದೆ ಒಂದು ಕತೆ ಹೇಳುತ್ತಾರೆ. ಜಾವಾದ ರಾಜನೊಬ್ಬ ದಂಡು ತಂದನಂತೆ. ಜನ ಸಾಯುವುದು ಬೇಡ, ಕೋಣಗಳು ಕಾದಾಡಲಿ ಎಂದು ಒಪ್ಪಂದವಾಯಿತು. ಅವನು ಆನೆಯಂಥ ಕೋಣ ತಂದ. ಇವರು ಹಾಲು ಕುಡಿಯುವ ಒಂದು ಕರುವನ್ನು ಹಸಿವಿನಿಂದ ಇಟ್ಟು, ಮೂತಿಗೆ ಚೂರಿ ಕಟ್ಟಿ ಬಿಟ್ಟರು. ಕರು ದೊಡ್ಡ ಕೋಣವನ್ನು ತಾಯಿಯೆಂದು ತಿಳಿದು ಮೊಲೆ ಹುಡುಕುತ್ತ ಹೊಟ್ಟೆಗೆ ನುಗ್ಗಿತು. ಮಿನಾಂಗ್ ಎಂದರೆ ಗೆಲುವು, ಕಬಾವು ಎಂದರೆ ಕೋಣ. ಕಂಬಳದ ಊರಿನವರು ನಾವು, ಕತೆ ರುಚಿಸದೆ ಇರದು. ನಿಜವೋ ಸುಳ್ಳೋ, ಬಲವಂತನನ್ನು ಬುದ್ಧಿಯಿಂದ ಕೆಡಹಿದ ಕತೆಯನ್ನು ಹೆಸರಿನಲ್ಲಿ ಕಟ್ಟಿಕೊಂಡ ಜನ ಅವರು.

ನಾವು ಹೇಳಹೊರಟ ಹಳ್ಳಿಯ ಹೆಸರು ತಾರಾಮ್. ಲಿಮಾ ಪುಲು ಕೋತಾ ಎಂಬ ಜಿಲ್ಲೆಯಲ್ಲಿ ಪಾಯಕುಂಬು ಪೇಟೆಗೆ ಹತ್ತಿರದಲ್ಲಿದೆ. ಲಿಮಾ ಪುಲು ಎಂದರೆ ಐವತ್ತು, ಕೋತಾ ಎಂದರೆ ನಮ್ಮ ಕೋಟೆಯೇ. ಅವರ ಮಾತಿನಲ್ಲಿ ನಮ್ಮ ಕಿವಿಗೆ ಪರಿಚಯವಾದ ಶಬ್ದಗಳು ಇನ್ನೂ ಎಷ್ಟೋ ಇವೆ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ, ಆಸ್ತಿಗೆ ಹರ್ತಾ, ಅಂದರೆ ಅರ್ಥ. ಹಳ್ಳಿಗೆ ಅವರು ನಗರಿ ಎನ್ನುತ್ತಾರೆ, ಅದೊಂದು ತಮಾಷೆ. ತಾಯಿಯ ಅಣ್ಣತಮ್ಮಂದಿರಿಗೆ ಮಾಮಕ್ ಎನ್ನುತ್ತಾರೆ. ಈ ಮಾಮಕ್ ಎಂಬ ಮಾವನನ್ನು ಮರೆಯಬೇಡಿ, ಮುಂದೆ ಅವನದೇ ಕಾರುಬಾರು.

ಈವ್ಲಿನ್ ಬ್ಲ್ಯಾಕ್‌ವುಡ್ ಎಂಬ ಅಮೆರಿಕದ ವಿದುಷಿ 1989ರಿಂದ 1990ರವರೆಗೆ ತಾರಾಮಿನಲ್ಲಿಯೇ ಉಳಿದು, ಮನೆ ಮನೆ ನೋಡಿ, 2000ದಲ್ಲಿ ಒಂದು ಪುಸ್ತಕ ಬರೆದರು. ಕಾಪಾಲೊ ಬಂದಾ ಎಂಬ ಕಡೆ ಹೊಳೆಗೆ ಒಡ್ಡು ಕಟ್ಟಿದ್ದಾರೆ. ಆ ಹೆಸರಿಗೆ ಕಾಲುವೆಯ ತಲೆ ಎಂದೇ ಅರ್ಥ. ಅಲ್ಲಿಂದ ಬಂದ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ನೀರಿನ ಗದ್ದೆಗೆ ಸಾವಾ ಎಂದು ಹೆಸರು. ಉಳುವುದು, ಅಗೆಯುವುದು, ಅಂಚು ಕಟ್ಟುವುದು ಗಂಡಸಿನ ಕೆಲಸ, ನೇಜಿ ನೆಡುವುದು, ಕಳೆ ಕೀಳುವುದು ಹೆಂಗಸಿನದು, ಕೊಯ್ಲಿಗೆ ಇಬ್ಬರೂ. ಇಷ್ಟರವರೆಗೆ ನಮ್ಮ ಬೈಲಿನ ಗದ್ದೆಗೂ ಅದಕ್ಕೂ ಭೇದವಿಲ್ಲ. ಭೇದವಿರುವುದು ಗದ್ದೆ ಯಾರ ಕೈಯಲ್ಲಿದೆ ಎಂಬುದರಲ್ಲಿ.

ಗದ್ದೆ ತಾಯಿಯದು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಮಗನಿಗೆ ಅದರ ಮೇಲೆ ತಾಯಿಯ ಮನೆಯವನೆಂಬ ನೆಲೆಯಲ್ಲಿ ಮಾತಿದೆ, ಆದರೆ ಅವನ ಮಕ್ಕಳಿಗೆ ಅದು ಹೋಗುವುದಿಲ್ಲ. ಅವನ ಮಕ್ಕಳು ಅವರ ತಾಯಿಯ ಮನೆಯವರು. ಕುಲದ ಹೆಸರು ಸುಕು, ಅದೂ ತಾಯಿಯಿಂದಲೇ ಬರುತ್ತದೆ. ಕೋತೊ, ಪಿಲಿಯಾಂಗ್, ಬೋದಿ, ಚನಿಯಾಗೊ ಎಂಬ ನಾಲ್ಕು ಮೂಲ ಸುಕುಗಳಿಂದ ಉಳಿದವೆಲ್ಲ ಒಡೆದವು ಎನ್ನುತ್ತಾರೆ. ಸುಕುವಿನ ಒಳಗೆ ಸಣ್ಣ ಕವಲಿಗೆ ಪರುಯಿಕ್ ಎಂದು ಹೆಸರು, ಅದರ ಅರ್ಥ ಹೊಟ್ಟೆ.

ನಮ್ಮಲ್ಲಿ ದಕ್ಷಿಣ ಕನ್ನಡದ ಕಡೆಯವರು ಆಗಲೇ ಮುಗುಳ್ನಗುವುದು ಕಾಣುತ್ತಿದೆ. ಹೌದು, ಇದು ನಮ್ಮ ಅಳಿಯಸಂತಾನದ ದಾಯಾದಿಯೇ. ಭೂತಾಳ ಪಾಂಡ್ಯನ ಕಟ್ಟು ಎಂದು ನಮ್ಮಲ್ಲಿ ಹೇಳುವುದು, ಬರಿ ಎಂದು ತಾಯಿಯ ಕಡೆಯಿಂದ ಎಣಿಸುವುದು, ಕುಟುಂಬ ಒಡೆದರೆ ಕವರು ಎನ್ನುವುದು, ಇವೆಲ್ಲಕ್ಕೂ ಅಲ್ಲಿ ಒಂದೊಂದು ಜೋಡಿ ಇದೆ. ಅವರು ಮುಸಲ್ಮಾನರು, ನಮ್ಮಲ್ಲಿಯ ಅಳಿಯಕಟ್ಟಿನವರು ಹೆಚ್ಚಾಗಿ ಬಂಟರು, ಬಿಲ್ಲವರು ಮೊದಲಾದವರು, ನಡುವೆ ಸಮುದ್ರ. ಆದರೂ ಇಬ್ಬರೂ ಒಂದೇ ಯೋಚನೆ ಮಾಡಿದರು: ಗಂಡಸು ಇಂದು ಇಲ್ಲಿ ನಾಳೆ ಎಲ್ಲೋ, ಹೆಂಗಸು ಒಲೆಯ ಹತ್ತಿರ ಉಳಿಯುವವಳು, ಆದ್ದರಿಂದ ಗದ್ದೆ ಅವಳೊಡನೆ ಇರಲಿ.

ಆ ಮನೆಯನ್ನು ಸ್ವಲ್ಪ ನೋಡೋಣ. ರುಮಾ ಗದಾಂಗ್, ಅಂದರೆ ದೊಡ್ಡ ಮನೆ. ಕಂಬಗಳ ಮೇಲೆ ಉದ್ದಕ್ಕೆ ಕಟ್ಟಿದ ಮರದ ಮನೆ, ಮಾಡಿನ ತುದಿಗಳು ಕೋಣದ ಕೊಂಬಿನ ಹಾಗೆ ಮೇಲಕ್ಕೆ ಬಾಗಿವೆ. ಮುಂದೆ ಉದ್ದನೆಯ ಚಾವಡಿ, ಹಿಂದೆ ಸಾಲಾಗಿ ಕೋಣೆಗಳು. ಒಂದೊಂದು ಕೋಣೆ ಮದುವೆಯಾದ ಒಬ್ಬೊಬ್ಬ ಮಗಳಿಗೆ. ಗಂಡನಾದವನು ಹೆಂಡತಿಯ ಮನೆಗೆ ಬರುವವನು. ಹಳೆಯ ಕಾಲದಲ್ಲಿ ರಾತ್ರಿ ಹೆಂಡತಿಯ ಕೋಣೆ, ಹಗಲು ತನ್ನ ಅಕ್ಕತಂಗಿಯರ ಗದ್ದೆ, ಹೀಗೆ ಎರಡು ಕಡೆ ಓಡಾಡುವುದು ಅವನ ಪಾಡಾಗಿತ್ತು. ಸುಟ್ಟ ಮರದ ಬೊಡ್ಡೆಯ ಮೇಲಿನ ಬೂದಿ ಎಂದು ಮನೆಯಳಿಯನನ್ನು ಅವರು ಗಾದೆ ಮಾಡಿ ಹೇಳುತ್ತಾರೆ. ಒಂದು ಗಾಳಿ ಬೀಸಿದರೆ ಹಾರಿಹೋದ ಎಂದು ಅರ್ಥ.

ಮನೆಯ ಅಂಗಳದಲ್ಲಿ ಭತ್ತದ ಕಣಜಗಳು ನಿಲ್ಲುತ್ತವೆ, ರಾಂಗ್ಕಿಯಾಂಗ್ ಎಂದು ಹೆಸರು. ದೊಡ್ಡ ಮನೆಗಳಲ್ಲಿ ಕಣಜಕ್ಕೊಂದು ಕೆಲಸ: ಒಂದರ ಭತ್ತ ಮಾರಿ ಊರಿನಲ್ಲಿ ಸಿಗದ್ದನ್ನು ಕೊಳ್ಳುವುದಕ್ಕೆ, ಒಂದು ದಿನದ ಊಟಕ್ಕೆ, ಇನ್ನೊಂದು ಬರಗಾಲಕ್ಕೆ ಮತ್ತು ಬಡವರಿಗೆ. ಈ ಮೂರನೆಯ ಕಣಜ ನಮಗೆ ಬಹಳ ಹಿಡಿಸಿತು. ಸಂಘದ ಕಷ್ಟನಿಧಿ ಎಂದು ನಾವು ಇಲ್ಲಿ ತಿಂಗಳಿಗೊಮ್ಮೆ ಡಬ್ಬಿ ಹಿಡಿದು ಬರುವಾಗ ಮುಖ ತಿರುಗಿಸುವವರು ಅದನ್ನು ನೆನೆಯಲಿ.

ಇನ್ನು ಆಸ್ತಿಯ ಕಾನೂನು. ಅವರಲ್ಲಿ ಆಸ್ತಿಗೆ ಎರಡು ಹೆಸರು. ಪುಸಾಕೊ ತಿಂಗಿ ಎಂದರೆ ಮೇಲಿನ ಆಸ್ತಿ, ತಲೆಮಾರುಗಳಿಂದ ಇಳಿದು ಬಂದದ್ದು. ಪುಸಾಕೊ ರೆಂದಾ ಎಂದರೆ ಕೆಳಗಿನದು, ಈಚೆಗೆ ದುಡಿದು ಗಳಿಸಿದ್ದು. ಮೇಲಿನ ಆಸ್ತಿಯನ್ನು ಮಾರುವ ಹಾಗಿಲ್ಲ. ಅದನ್ನು ಇಂದು ಉಣ್ಣುವವರು ಬರಿಯ ಉಣ್ಣುವವರು, ಒಡೆಯರಲ್ಲ. ಯಾವ ಗದ್ದೆಯನ್ನು ಯಾವ ಮಗಳು ಗೇಯಬೇಕೆಂದು ಮನೆಯ ಒಳಗೆ ಹಂಚಿಕೊಡುತ್ತಾರೆ, ಹಂಚಿದ್ದು ಗೇಣಿ ಚೀಟಿಯಂತೆ, ಕ್ರಯ ಚೀಟಿಯಂತಲ್ಲ. ತೀರ ಕಷ್ಟ ಬಂದರೆ ಭೋಗ್ಯಕ್ಕೆ ಇಡಬಹುದು. ಅಂದರೆ ಸಾಲ ಕೊಟ್ಟವನು ಗದ್ದೆ ಉಣ್ಣುತ್ತಾನೆ, ಸಾಲ ತೀರಿದ ದಿನ ಬಿಟ್ಟುಕೊಡುತ್ತಾನೆ. ಆ ಸಾಲವನ್ನು ಅನೇಕ ಕಡೆ ಚಿನ್ನದ ತೂಕದಲ್ಲಿ ಬರೆಯುತ್ತಾರೆ, ನೋಟಿನ ಬೆಲೆ ಬಿದ್ದರೂ ಲೆಕ್ಕ ಕೆಡಬಾರದೆಂದು.

ಭೋಗ್ಯಕ್ಕೂ ಕಾರಣ ನಾಲ್ಕೇ. ಮನೆಯಲ್ಲಿ ಹೆಣ ಮಲಗಿದೆ, ಮಣ್ಣು ಮಾಡಲು ಕಾಸಿಲ್ಲ. ದೊಡ್ಡ ಮನೆಯ ಮಾಡು ಸೋರುತ್ತಿದೆ. ಬೆಳೆದ ಹುಡುಗಿಗೆ ಗಂಡು ಸಿಕ್ಕಿಲ್ಲ, ಮದುವೆಯ ಖರ್ಚು ಬೇಕು. ನಾಲ್ಕನೆಯದನ್ನು ಅವರು ನೀರಿನಲ್ಲಿ ಮುಳುಗಿದ ಮರದ ದಿಮ್ಮಿಯನ್ನು ಎತ್ತುವುದು ಎನ್ನುತ್ತಾರೆ. ಎಂದರೆ ಕುಲದ ಮುಖ್ಯಸ್ಥನ ಪಟ್ಟ ಖಾಲಿ ಬಿದ್ದಿದೆ, ಪಟ್ಟ ಕಟ್ಟಲು ಊರಿಗೆ ಊಟ ಹಾಕಬೇಕು. ಇಷ್ಟೇ. ಮಗನಿಗೆ ಮೋಟಾರು ಸೈಕಲ್ ಬೇಕೆಂಬುದು ಆ ಪಟ್ಟಿಯಲ್ಲಿಲ್ಲ. ಈ ನಾಲ್ಕರಲ್ಲಿ ಒಂದಾದರೂ ಇದೆಯೆಂದು ಮನೆಯ ಹೆಂಗಸರೂ ಮಾಮಕನೂ ಎಲ್ಲರೂ ಒಪ್ಪಬೇಕು. ಒಬ್ಬಳು ಒಪ್ಪದಿದ್ದರೂ ಕೆಲಸ ನಿಲ್ಲುತ್ತದೆ. ಎಲ್ಲ ಕಡೆ ಹಾಗೆಯೇ ನಡೆಯುತ್ತದೆಂದು ನಾವು ಹೇಳುವುದಿಲ್ಲ. ಕಾಸು ಬೇಕಾದವನು ಸೋರದ ಮಾಡನ್ನೂ ಸೋರಿಸಬಲ್ಲ.

ಸರಕಾರ ನಡುವೆ ಬಂದು 1960ರ 56ನೆಯ ಕಾನೂನಿನಲ್ಲಿ, ಏಳು ವರ್ಷ ಭೋಗ್ಯ ಉಂಡ ಗದ್ದೆಯನ್ನು ಹಣ ಕೇಳದೆ ಹಿಂದಕ್ಕೆ ಕೊಡಬೇಕೆಂದು ಬರೆಯಿತು. ನಮ್ಮವರಾದರೆ ಹಬ್ಬ ಮಾಡುತ್ತಿದ್ದರು. ಮಿನಾಂಗ್‌ಕಬಾವು ಹಳ್ಳಿಗಳಲ್ಲಿ ಆ ಕಾನೂನು ಹೆಚ್ಚಾಗಿ ಕಾಗದದಲ್ಲಿಯೇ ಉಳಿಯಿತು. ಪಡೆದ ಚಿನ್ನವನ್ನು ಕೊಡದೆ ಗದ್ದೆ ಬಿಡಿಸಿಕೊಳ್ಳುವುದು ಅಲ್ಲಿ ಮಾನದ ಪ್ರಶ್ನೆ. ಸಾಲ ಕೊಟ್ಟವನೂ ಎಷ್ಟೋ ವೇಳೆ ಅದೇ ಕುಲದವನೇ.

ಕೆಳಗಿನ ಆಸ್ತಿಯದೇ ದೊಡ್ಡ ಜಗಳ. ಪರವೂರಿನಲ್ಲಿ ದುಡಿದು ಕಟ್ಟಿದ ಅಂಗಡಿ ಯಾರಿಗೆ, ಅಕ್ಕನ ಮಕ್ಕಳಿಗೋ ತನ್ನ ಮಕ್ಕಳಿಗೋ? ಮೆಕ್ಕಾದಲ್ಲಿ ನೆಲೆಸಿದ್ದ ಅಹಮದ್ ಖತೀಬ್ ಎಂಬ ಅವರದೇ ನಾಡಿನ ದೊಡ್ಡ ಮೌಲ್ವಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಳಿಯನಿಗೆ ಆಸ್ತಿ ಕೊಡುವುದೇ ಧರ್ಮಕ್ಕೆ ವಿರುದ್ಧವೆಂದು ಕಟುವಾಗಿ ಬರೆದ. ಜಗಳ ಬಹಳ ಕಾಲ ನಡೆದು, 1952ರಲ್ಲಿ ಬುಕಿತಿಂಗಿ ಪಟ್ಟಣದಲ್ಲಿ ಕುಲದ ಮುಖ್ಯಸ್ಥರೂ ಮೌಲ್ವಿಗಳೂ ಸೇರಿ ಒಂದು ರಾಜಿಗೆ ಬಂದರು: ಮೇಲಿನ ಆಸ್ತಿ ಕಟ್ಟಳೆಯ ಪ್ರಕಾರ ತಾಯಿಯ ಕಡೆಗೆ, ದುಡಿದ ಆಸ್ತಿ ಇಸ್ಲಾಮಿನ ಪ್ರಕಾರ ಸ್ವಂತ ಮಕ್ಕಳಿಗೆ. 1968ರಲ್ಲಿ ಪಾದಾಂಗಿನ ಸಭೆ ಅದನ್ನೇ ಮತ್ತೆ ಎತ್ತಿಹಿಡಿಯಿತು.

ಇಲ್ಲಿ ಒಂದು ಹೋಲಿಕೆ ಮಾಡಲೇಬೇಕು. ಅವರು ಹಳೆಯ ಗದ್ದೆಯನ್ನು ಒಡೆಯದೆ, ಹೊಸ ದುಡಿಮೆಯನ್ನು ಮಾತ್ರ ಬೇರೆ ದಾರಿಗೆ ಬಿಟ್ಟರು. ನಮ್ಮಲ್ಲಿ 1949ರ ಮದರಾಸಿನ ಅಳಿಯಸಂತಾನ ಕಾನೂನು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಕಟ್ಟು ಸಡಿಲವಾಗುತ್ತ ಹೋಯಿತು. ಹಳೆಯದೂ ಒಡೆಯಿತು, ಹೊಸದೂ ಒಡೆಯಿತು. ಯಜಮಾನರ ದರ್ಬಾರಿನಿಂದ ಬಿಡುಗಡೆ ಬೇಕಾಗಿತ್ತು, ಸಿಕ್ಕಿತು, ಅದು ಸುಳ್ಳಲ್ಲ. ಆದರೆ ಮೂಲಮನೆಯ ಒಲೆಯ ಹತ್ತಿರ ಒಂದು ಮೂಲೆ ಎಲ್ಲರಿಗೂ ಇತ್ತಲ್ಲ, ಅದೂ ಪಾಲುಪಟ್ಟಿಯಲ್ಲಿ ಯಾರದೋ ಹೆಸರಿಗೆ ಹೋಯಿತು.

ಹೀಗೆಂದ ಕೂಡಲೇ ತಾರಾಮ್ ಹೆಂಗಸರ ಸ್ವರ್ಗವೆಂದು ತಿಳಿಯಬೇಡಿ. ಗದ್ದೆ ತಾಯಿಯದು ಎಂದೆವು. ಎಲ್ಲ ತಾಯಂದಿರದು ಎನ್ನಲಿಲ್ಲ. ಅವರಲ್ಲಿ ಕುಲದ ಅಳಿಯಂದಿರನ್ನು ನಾಲ್ಕು ಮೆಟ್ಟಿಲಾಗಿ ಎಣಿಸುತ್ತಾರೆ: ಗಲ್ಲದ ಕೆಳಗಿನವರು, ಎದೆಯ ಕೆಳಗಿನವರು, ಹೊಕ್ಕುಳ ಕೆಳಗಿನವರು, ಮೊಣಕಾಲ ಕೆಳಗಿನವರು. ಗಲ್ಲದ ಕೆಳಗಿನವರು ರಕ್ತಸಂಬಂಧದವರು. ಮೊಣಕಾಲ ಕೆಳಗಿನವರು ಒಂದು ಕಾಲಕ್ಕೆ ಆ ಮನೆಗೆ ಜೀತವಿದ್ದವರ ಸಂತಾನ. ಕುಲದ ಹೆಸರೊಂದೇ, ಕರೆಯುವುದೂ ಅಳಿಯ ಎಂದೇ, ಆದರೆ ಗದ್ದೆ ಅವರದಲ್ಲ. ದೊಡ್ಡ ಮನೆಯ ಯಜಮಾನತಿ ಅವರಿಗೆ ಗದ್ದೆಯನ್ನು ಪಾಲಿಗೆ ಕೊಡುತ್ತಾಳೆ, ಬೆಳೆದದ್ದರಲ್ಲಿ ಹಂಚಿಕೆ. ಆ ಮನೆಯಲ್ಲಿ ಮದುವೆಯೋ ಪಟ್ಟವೋ ಆದರೆ ಪಾತ್ರೆ ತಿಕ್ಕುವುದಕ್ಕೂ ನೀರು ಹೊರುವುದಕ್ಕೂ ಇವರು ಬರಲೇಬೇಕು. ಬ್ಲ್ಯಾಕ್‌ವುಡ್ ಬಾಯಿಯವರು ಇದನ್ನೇ ಬಿಡಿಸಿ ತೋರಿಸಿದ್ದಾರೆ: ಹೆಂಗಸಿಗೆ ಅಧಿಕಾರವಿದೆ, ಆ ಅಧಿಕಾರದಲ್ಲಿ ಒಡತಿಯೂ ಒಕ್ಕಲಗಿತ್ತಿಯೂ ಇದ್ದಾರೆ. ಧಣಿ ಸೀರೆ ಉಟ್ಟರೂ ಧಣಿಯೇ. ನಮ್ಮ ಕಡೆ ಚಾಲಗೇಣಿಯ ಒಕ್ಕಲು 1974ರಲ್ಲಿ ಡಿಕ್ಲರೇಶನ್ ಹಾಕಿ ಗೇಯುವ ಗದ್ದೆಯನ್ನು ತನ್ನದು ಮಾಡಿಕೊಂಡನಲ್ಲ, ಅಂಥದು ಆ ಹಳ್ಳಿಗಳಲ್ಲಿ ಆಗಲಿಲ್ಲ. ಈ ಸಭೆಯಲ್ಲಿರುವ ಎಷ್ಟೋ ಮಂದಿಯ ಮನೆಗೆ ಜಾಗವೆಂದು ಬಂದದ್ದು ಆ ಡಿಕ್ಲರೇಶನಿನಿಂದಲೇ. ನಿಮ್ಮ ತಂದೆಯವರು ಕೋರ್ಟಿಗೆ ನಡೆದ ಚಪ್ಪಲಿ ಸವೆದು ಬಂದ ಜಾಗ ಅದು. ಇಂದು ಮಾರುವಾಗ ಅದೂ ಲೆಕ್ಕದಲ್ಲಿರಲಿ.

ಮೇಲಿನಿಂದ ಬಂದ ಪೆಟ್ಟುಗಳನ್ನು ಚಿಕ್ಕದಾಗಿ ಹೇಳುತ್ತೇವೆ. ಡಚ್ಚರು 1847ರಿಂದ ಈ ಸೀಮೆಯಲ್ಲಿ ಕಾಫಿಯನ್ನು ಕಡ್ಡಾಯ ಮಾಡಿದರು. ಬೆಳೆದದ್ದನ್ನೆಲ್ಲ ಅವರು ಹೇಳಿದ ಬೆಲೆಗೆ ಅವರ ಉಗ್ರಾಣಕ್ಕೇ ಹಾಕಬೇಕು. ಬೀಜವೆಲ್ಲ ಉಗ್ರಾಣಕ್ಕೆ ಹೋದ ಮೇಲೆ ಬೆಳೆದವರು ಕಾಫಿ ಗಿಡದ ಎಲೆಯನ್ನು ಒಣಗಿಸಿ ಕುದಿಸಿ ಕುಡಿದರು ಎನ್ನುತ್ತಾರೆ. ಪಾಯಕುಂಬುವಿನ ಕಡೆ ಇಂದಿಗೂ ಆ ಎಲೆಯ ಕಷಾಯವನ್ನು ತೆಂಗಿನ ಕರಟದಲ್ಲಿ ಕೊಡುವ ಅಂಗಡಿಗಳಿವೆ. ದಿನಕ್ಕೆ ಐನೂರು ಕಾಫಿ ಹೊರುವ ನಮ್ಮ ಹುಡುಗರು ಇದನ್ನು ಕೇಳಿಸಿಕೊಳ್ಳಬೇಕು. 1908ರಲ್ಲಿ ಕಾಫಿಯ ಕಡ್ಡಾಯ ತೆಗೆದು ಕಾಸಿನ ಕಂದಾಯ ಹಾಕಿದಾಗ ಕಮಾಂಗ್ ಎಂಬಲ್ಲಿ ರೈತರು ಎದ್ದರು. ಮಂಗೊಪೊ ಎಂಬಲ್ಲಿ ಎದ್ದವರ ಮುಂದೆ ಸಿತಿ ಎಂಬ ಒಬ್ಬ ಹೆಂಗಸೇ ಇದ್ದಳು. ಇದೇ ಲಿಮಾ ಪುಲು ಕೋತಾ ಜಿಲ್ಲೆಯ ಪಾಂದಾಮ್ ಗದಾಂಗ್ ಹಳ್ಳಿಯಲ್ಲಿ 1897ರಲ್ಲಿ ಹುಟ್ಟಿದ ತಾನ್ ಮಲಾಕಾ, ಕೂಲಿಕಾರರ ಮಕ್ಕಳಿಗೆ ಶಾಲೆ ನಡೆಸಿ, ದೇಶಭ್ರಷ್ಟನಾಗಿ, ಕೊನೆಗೆ 1949ರಲ್ಲಿ ಸ್ವತಂತ್ರ ದೇಶದ ಸಿಪಾಯಿಗಳ ಗುಂಡಿಗೆ ಸತ್ತ. ಅವನ ಕತೆಗೆ ಇನ್ನೊಂದು ದಿನ ಬೇಕು.

ಸ್ವಾತಂತ್ರ್ಯದ ನಂತರ 1979ರ ಗ್ರಾಮ ಕಾನೂನಿನ ಮೇರೆಗೆ 1983ರಲ್ಲಿ ನಗರಿಗಳನ್ನು ತುಂಡು ತುಂಡು ಮಾಡಿ ಜಾವಾದ ಮಾದರಿಯ ಹಳ್ಳಿಗಳನ್ನು ಮಾಡಿದರು. ಸುಹಾರ್ತೊ ಬಿದ್ದ ಮೇಲೆ 2000ದ ಪ್ರಾಂತೀಯ ಕಾನೂನಿನಿಂದ ನಗರಿ ಹಿಂದಕ್ಕೆ ಬಂತು. ಊರೊಟ್ಟಿನ ಕಾಡು ಬಯಲುಗಳಿಗೆ ಉಲಾಯತ್ ಎನ್ನುತ್ತಾರೆ. ಪಾಮ್ ಎಣ್ಣೆಯ ಕಂಪನಿಗಳು ಮುಖ್ಯಸ್ಥರ ರುಜು ಹಿಡಿದು ಪಸಾಮಾನ್ ಕಡೆ ಇಂಥ ಜಾಗಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದವು. ಊರಿನವರು ಬಾಡಿಗೆಗೆ ಕೊಟ್ಟೆವೆಂದು ತಿಳಿದಿದ್ದರು. ಕಾಗದದಲ್ಲಿ ಅದು ಮೊದಲು ಸರಕಾರದ ಭೂಮಿಯಾಗಿ, ಆಮೇಲೆ ಕಂಪನಿಗೆ ಮೂವತ್ತೈದು ವರ್ಷದವರೆಗಿನ ಹಕ್ಕಾಗಿ ಬರೆಯಲ್ಪಟ್ಟಿತ್ತು. ಅವಧಿ ಮುಗಿದರೆ ಜಾಗ ಸರಕಾರಕ್ಕೆ, ಊರಿಗಲ್ಲ. ನಾಲ್ಕು ಕಾರಣವಿಲ್ಲದೆ ಒಂದು ಗದ್ದೆ ಭೋಗ್ಯಕ್ಕಿಡದ ಊರಿನಲ್ಲಿ ಒಂದು ರುಜುವಿಗೆ ಕಾಡೇ ಹೋಯಿತು. ರುಜು ಹಾಕಿದವರು ಮಾಮಕರು. ಮನೆಯ ಹೆಂಗಸರನ್ನು ಕಂಪನಿಯವರು ಕೇಳಲಿಲ್ಲ.

ಈಗ ಮಗನ ಕಡೆ ಬರೋಣ. ದೊಡ್ಡ ಮನೆಯಲ್ಲಿ ಮಗಳಿಗೆ ಕೋಣೆ ಇದೆ, ಮಗನಿಗೆ ಇಲ್ಲ. ಹಳೆಯ ಕಾಲದಲ್ಲಿ ಏಳೆಂಟು ವರ್ಷ ಆದ ಹುಡುಗ ರಾತ್ರಿ ಮಲಗುವುದಕ್ಕೆ ಸುರಾವು ಎಂಬ ಪ್ರಾರ್ಥನೆಯ ಮನೆಗೆ ಹೋಗುತ್ತಿದ್ದ. ಓದು, ಕುಸ್ತಿ, ಮಾತು ಎಲ್ಲ ಅಲ್ಲಿಯೇ. ಪ್ರಾಯಕ್ಕೆ ಬಂದರೆ ರಾಂತಾವು, ಅಂದರೆ ಪರವೂರು. ಹೆಂಡತಿ ಬಿಟ್ಟ ಮುದುಕನೂ ಕೊನೆಗೆ ಸುರಾವಿಗೇ ಬರಬೇಕು. ಹುಟ್ಟಿದ ಮನೆಯಲ್ಲಿ ಹಾಸಿಗೆ ಇಲ್ಲದ ಗಂಡಸು! ನಾವು ಹೊಟೇಲಿನ ಮೇಜು ಜೋಡಿಸಿ ಮಲಗಿದವರು, ಗಿರಣಿಯವರು ಒಂದೇ ಖೋಲಿಯಲ್ಲಿ ಪಾಳಿ ಪ್ರಕಾರ ಒಂದೇ ಚಾಪೆಯಲ್ಲಿ ಮಲಗಿದವರು. ಆ ಹುಡುಗನ ಬೆನ್ನಿನ ನೋವು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

1958ರಲ್ಲಿ ಪಾದಾಂಗಿನಲ್ಲಿ ಜಕಾರ್ತದ ಸರಕಾರಕ್ಕೆ ಎದುರಾಗಿ ಒಂದು ಬಂಡಾಯ ಸರಕಾರ ನಿಂತಿತು, ಸೈನ್ಯ ಬಂದು ಮುರಿಯಿತು, 1961ರ ಹೊತ್ತಿಗೆ ಮುಗಿಯಿತು. ಆ ಕಾಲದಲ್ಲಿ ಊರು ಬಿಟ್ಟವರು ಬಹಳ. ಜಕಾರ್ತದಲ್ಲಿ ಅವರು ಹಿಡಿದದ್ದು ಎರಡು ಕೆಲಸ: ರಸ್ತೆಬದಿಯ ವ್ಯಾಪಾರ ಮತ್ತು ಹೊಟೇಲು. ಇಂದು ಪಾದಾಂಗ್ ಹೊಟೇಲು ಇಲ್ಲದ ಪೇಟೆ ಆ ದೇಶದಲ್ಲಿ ಸಿಗುವುದು ಕಷ್ಟ, ನಮ್ಮಲ್ಲಿ ಉಡುಪಿ ಹೊಟೇಲಿನ ಹಾಗೆ.

ಅಲ್ಲಿಯ ಸಪ್ಲೈಯರನನ್ನು ನೋಡಬೇಕು. ಗಿರಾಕಿ ಕೂತ ಕೂಡಲೇ ಏನು ಬೇಕೆಂದು ಕೇಳುವುದಿಲ್ಲ. ಮೊಣಕೈಯಿಂದ ಬೆರಳಿನವರೆಗೆ ತಟ್ಟೆಯ ಮೇಲೆ ತಟ್ಟೆ ಹೇರಿ, ಹತ್ತು ಹದಿನೈದು ಪದಾರ್ಥ ಒಮ್ಮೆಲೇ ತಂದು ಮೇಜಿನ ಮೇಲೆ ಹರಡುತ್ತಾನೆ. ಗಿರಾಕಿ ಮುಟ್ಟಿದ್ದಕ್ಕೆ ಮಾತ್ರ ಬಿಲ್ಲು, ಮುಟ್ಟದ್ದು ಹಿಂದಕ್ಕೆ. ಒಂದು ಕೈಯಲ್ಲಿ ಆರು ಕಪ್ಪು ಹಿಡಿದು ಮೆರೆಯುವ ನಮ್ಮ ಹುಡುಗರು ಸ್ವಲ್ಪ ತಗ್ಗಿ ನಡೆಯಲಿ.

ಆದರೆ ನಾವು ಮುಖ್ಯವಾಗಿ ಹೇಳಬೇಕಾದದ್ದು ಸಂಬಳದ ಮಾತು. ಹಳೆಯ ಪದ್ಧತಿಯ ಪಾದಾಂಗ್ ಹೊಟೇಲುಗಳಲ್ಲಿ ತಿಂಗಳ ಸಂಬಳವೇ ಇಲ್ಲ. ಮಾತೊ ಎಂಬ ಲೆಕ್ಕವಿದೆ. ಊಟ ಮತ್ತು ಮಲಗುವ ಜಾಗ ಹೊಟೇಲಿನದು. ಕೈಖರ್ಚಿಗೆ ಮುಂಗಡ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ನೂರು ದಿನಕ್ಕೊಮ್ಮೆ ಲೆಕ್ಕ ಕೂಡುತ್ತಾರೆ. ಬಂದದ್ದರಲ್ಲಿ ಸಾಮಾನು, ಬಾಡಿಗೆ, ದೀಪದ ಖರ್ಚು ಕಳೆದು, ಧರ್ಮಕ್ಕೆಂದು ಜಕಾತ್ ತೆಗೆದು, ಉಳಿದ ಲಾಭವನ್ನು ಅನೇಕ ಕಡೆ ಅರ್ಧಕ್ಕರ್ಧ ಮಾಡುತ್ತಾರೆ. ಅರ್ಧ ಬಂಡವಾಳದವನಿಗೆ, ಅರ್ಧ ಕೆಲಸದವರಿಗೆ. ಕೆಲಸದವರಲ್ಲಿ ಒಬ್ಬೊಬ್ಬನಿಗೆ ಅವನ ಕೆಲಸ ನೋಡಿ ಇಷ್ಟು ಮಾತೊ ಎಂದು ಇದೆ. ಅಡಿಗೆಯವನಿಗೆ ಹೆಚ್ಚು, ಪಾತ್ರೆ ತೊಳೆಯುವವನಿಗೆ ಕಡಿಮೆ.

ಲೆಕ್ಕ ತಿಳಿಯುವುದಕ್ಕಾಗಿ ನಾವೇ ಒಂದು ಅಂಕೆ ಹಿಡಿದು ನೋಡೋಣ. ನೂರು ದಿನದಲ್ಲಿ ಎಲ್ಲ ಕಳೆದು 12 ಲಕ್ಷ ಉಳಿಯಿತೆನ್ನಿ. ಕೆಲಸದವರಿಗೆ 6 ಲಕ್ಷ. ಎಲ್ಲರ ಮಾತೊ ಕೂಡಿ 25 ಆದರೆ, ಒಂದು ಮಾತೊಗೆ 24 ಸಾವಿರ. ಮುಖ್ಯ ಅಡಿಗೆಯವನಿಗೆ 5 ಮಾತೊ ಇದ್ದರೆ 1 ಲಕ್ಷ 20 ಸಾವಿರ, ಎರಡೂವರೆ ಮಾತೊದ ಸಪ್ಲೈಯರನಿಗೆ 60 ಸಾವಿರ, ಒಂದೂವರೆ ಮಾತೊದ ಪಾತ್ರೆ ಹುಡುಗನಿಗೆ 36 ಸಾವಿರ, ಅವರವರ ಮುಂಗಡ ಕಳೆದು. ಪಾತ್ರೆ ಹುಡುಗನಿಗೂ ಹೊಟೇಲಿನ ಲಾಭ ಎಷ್ಟೆಂದು ಗೊತ್ತು! ಹಾಲು ಚೆಲ್ಲಿದರೆ ತನ್ನ ಜೇಬಿನಿಂದ ಚೆಲ್ಲಿದ ಹಾಗೆ ಅವನೇ ಓಡಿಬರುತ್ತಾನೆ. ನಮ್ಮಲ್ಲಿ ಹತ್ತು ವರ್ಷ ಗಲ್ಲಾದ ಎದುರು ನಿಂತವನಿಗೂ ದಿನದ ವ್ಯಾಪಾರ ಎಷ್ಟೆಂದು ಕೇಳುವ ಧೈರ್ಯವಿಲ್ಲ.

ಇದರಲ್ಲಿಯೂ ಕಲ್ಲು ಇದೆ, ಆರಿಸಿ ತಿನ್ನಬೇಕು. ವ್ಯಾಪಾರ ಕೆಟ್ಟರೆ ನೂರು ದಿನ ದುಡಿದವನಿಗೆ ಮುಂಗಡ ಕಳೆದು ಕೈಗೆ ಏನೂ ಬಾರದಿರಬಹುದು. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿದ್ದರೆ ಖರ್ಚಿನ ಕಂಬಳಿ ಎಷ್ಟು ಬೇಕಾದರೂ ಉದ್ದವಾಗುತ್ತದೆ. ಎಷ್ಟು ಮಾತೊ ಎಂದು ನಿರ್ಣಯಿಸುವವನು ಯಾರು ಎಂಬುದೂ ಪ್ರಶ್ನೆಯೇ. ಪಾಲುಗಾರನೆಂದು ಕರೆದು ಹದಿನಾರು ಗಂಟೆ ದುಡಿಸುವುದೂ ಸುಲಭ. ದೊಡ್ಡ ಹೊಟೇಲುಗಳು ಕೆಲವು ಸಂಬಳಕ್ಕೇ ತಿರುಗಿವೆ. ಆದ್ದರಿಂದ ಸಂಬಳ ಬಿಟ್ಟು ಪಾಲು ಕೇಳಿ ಎಂದು ನಾವು ಹೇಳುವುದಿಲ್ಲ. ಕನಿಷ್ಠ ಸಂಬಳ ಕಾನೂನಿನ ಪ್ರಕಾರ ಬರಬೇಕು, ಅದರ ಮೇಲೆ ಲೆಕ್ಕ ತೋರಿಸಿ ಎಂದು ಕೇಳಬೇಕು. ಬೋನಸ್ಸಿನ ಮಾತಿಗೆ ಹೋದಾಗಲೆಲ್ಲ ಲಾಭವೇ ಇಲ್ಲವೆಂದು ಕೈ ತಿರುಗಿಸುವ ಧಣಿಗಳಿಗೆ, ಪಾತ್ರೆ ತೊಳೆಯುವವನ ಎದುರು ಪುಸ್ತಕ ಬಿಚ್ಚುವ ಹೊಟೇಲುಗಳು ಲೋಕದಲ್ಲಿವೆ ಎಂದು ನಾವು ಇನ್ನು ಮೇಲೆ ಹೇಳಬಹುದಲ್ಲ.

ಈ ಹೊಟೇಲಿಗೂ ಆ ತಾಯಿಯ ಗದ್ದೆಗೂ ಸಂಬಂಧವೇನು ಎಂದು ಕೇಳುವಿರಿ. ನಮ್ಮ ಬುದ್ಧಿಗೆ ತೋಚಿದ್ದು ಹೀಗೆ. ನೂರು ದಿನ ಕೈಗೆ ಹಣವಿಲ್ಲದೆ ಕಾಯುವ ಎದೆ ಆ ಹುಡುಗನಿಗೆ ಬಂದದ್ದು ಊರಿನಲ್ಲಿ ಮಾರಲಾಗದ ಗದ್ದೆ ಇದೆ, ಅಲ್ಲಿ ತಾಯಿ ಅಕ್ಕಂದಿರ ಅನ್ನ ನಡೆಯುತ್ತಿದೆ ಎಂಬುದರಿಂದ. ಅವನು ಕಳಿಸದಿದ್ದರೂ ಅವರು ಉಪವಾಸ ಬೀಳುವುದಿಲ್ಲ. ಗಿರಣಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕೆ? 1982ರ ಜನವರಿ 18ರಂದು ಮುಷ್ಕರ ಆರಂಭವಾದಾಗ ತಿಂಗಳುಗಟ್ಟಲೆ ನಿಂತವರು ಯಾರು? ಊರಿನಲ್ಲಿ ಗಂಜಿ ಇದ್ದವರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ನಿಂತರು. ಊರಿನಲ್ಲಿ ಏನೂ ಇಲ್ಲದವನಿಗೆ ಚಾಳಿನ ಸಾಲವೇ ಗತಿಯಾಯಿತು. 2020ರ ಮಾರ್ಚಿನಲ್ಲಿ ಹೊಟೇಲುಗಳ ಬಾಗಿಲು ಮುಚ್ಚಿದಾಗಲೂ ಅದೇ. ಯಾರ ಮನೆಯ ಅಕ್ಕ ಬಾಗಿಲು ತೆರೆದಳೋ ಅವರು ಬದುಕಿಕೊಂಡರು. ಪಾಲು ಮಾರಿ ತಿಂದವರು ಯಾವ ಬಾಗಿಲು ತಟ್ಟಿದರೆಂದು ನಿಮಗೇ ಗೊತ್ತು, ಹೆಸರು ಹೇಳುವುದು ಬೇಡ.

ಇನ್ನು ಉತ್ತರ ಕರ್ನಾಟಕದ ಕಡೆಯ ಬಂಧುಗಳಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಎಂದು ಕಾನೂನು ಬಂದಿದೆ. ಆದರೆ ರಜೆಗೆ ಊರಿಗೆ ಹೋದಾಗ ತಂಗಿಗೆ ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವ ಅಣ್ಣಂದಿರು ಈ ಸಭೆಯಲ್ಲಿಯೂ ಇದ್ದಾರೆ. ನಗಬೇಡಿ. ಧಣಿಯ ಹತ್ತಿರ ಲೆಕ್ಕ ಕೇಳುವವರು ತಂಗಿಗೆ ಲೆಕ್ಕ ತೋರಿಸಿದ್ದೀರಾ?

ಒಬ್ಬರು ಚೀಟಿಯಲ್ಲಿ ಒಂದು ಪ್ರಶ್ನೆ ಕಳಿಸಿದ್ದಾರೆ: ಆ ಊರಿನಲ್ಲಿ ಒಂದು ಮನೆಗೆ ಹೆಣ್ಣು ಸಂತಾನವೇ ಇಲ್ಲದೆ ಹೋದರೆ ಗದ್ದೆ ಏನಾಗುತ್ತದೆ? ಒಳ್ಳೆಯ ಪ್ರಶ್ನೆ. ಅದಕ್ಕೆ ಅವರು ಪುನಾ ಎನ್ನುತ್ತಾರೆ, ಅಂದರೆ ವಂಶ ಕಳೆದುಹೋಯಿತೆಂದು. ಗಂಡುಮಕ್ಕಳು ಹತ್ತು ಮಂದಿ ಇದ್ದರೂ ಹಾಗೆಯೇ ಲೆಕ್ಕ. ಗಂಡುಮಕ್ಕಳು ಬದುಕಿರುವಷ್ಟು ಕಾಲ ಉಂಡುಕೊಂಡು, ಆಮೇಲೆ ಅದೇ ಕುಲದಲ್ಲಿ ಹತ್ತಿರದ ಹೊಟ್ಟೆಯವರಿಗೆ ಹೋಗುತ್ತದೆ. ಹತ್ತಿರದವರು ಯಾರು ಎಂಬುದಕ್ಕೆ ಕೋರ್ಟು ಹತ್ತುವುದೂ ಉಂಟು. ಆದ್ದರಿಂದ ಅಲ್ಲಿ ಹೆಣ್ಣು ಹುಟ್ಟಿದ ದಿನ ಮನೆಯವರೆಲ್ಲ ಸಮಾಧಾನದ ಉಸಿರು ಬಿಡುತ್ತಾರೆ.

ಇನ್ನು ಅಧ್ಯಕ್ಷರು ಕಳೆದ ತಿಂಗಳು ನಿಂತ ಠರಾವನ್ನು ಓದಲಿ. ಈ ಸಲ ಕೈ ಎತ್ತುವಾಗ ಹೆಂಗಸರ ಸಾಲಿನ ಕೈಗಳನ್ನೂ ಎಣಿಸಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.